ರಕ್ತದ ಗುಂಪು, ಹೊಟ್ಟೆಯ ಕ್ಯಾನ್ಸರ್: ನಿಮ್ಮ ಅಪಾಯ ಅಳೆಯುವುದು ಹೇಗೆ

ರಕ್ತದ ಗುಂಪಿಗೂ ಹೊಟ್ಟೆಯ ಕ್ಯಾನ್ಸರಿಗೂ ನಂಟು ಇರುವುದು ನಿಜ, ಆದರೆ ಸಣ್ಣದು. ಎ ಗುಂಪಿನವರಲ್ಲಿ ಜಠರದ ಕ್ಯಾನ್ಸರ್ ಹೆಚ್ಚು ಎಂಬುದನ್ನು 1953ರಲ್ಲೇ ಬ್ರಿಟನ್ನಿನ ವೈದ್ಯರು ಗುರುತಿಸಿದ್ದರು. ಹೆಚ್ಚಳ ಸುಮಾರು ಶೇ 20. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಓ ಗುಂಪಿನವರಲ್ಲಿ ಕಡಿಮೆ. ದೊಡ್ಡ ಕರುಳಿನ ವಿಷಯದಲ್ಲಿ ಸ್ಪಷ್ಟ ನಂಟಿಲ್ಲ.

ಶೇಕಡಾ ಲೆಕ್ಕ ಕಂಡು ಬೆದರಬೇಡಿ. ಸಾವಿರ ಜನರಲ್ಲಿ 10 ಮಂದಿಗೆ ಬರುವ ಕಾಯಿಲೆ ಎಂದುಕೊಳ್ಳಿ. ಶೇ 20 ಹೆಚ್ಚಾದರೆ 12 ಮಂದಿ, ಅಷ್ಟೆ. ಗುಂಪನ್ನು ಬದಲಿಸಲಾಗದು, ಹಾಗಾಗಿ ಸರಿಪಡಿಸಬಹುದಾದ್ದನ್ನು ಹಿಡಿಯಿರಿ.

ಅದರಲ್ಲಿ ಮೊದಲನೆಯದು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಜಠರದ ಕ್ಯಾನ್ಸರಿಗೆ ಇದು ರಕ್ತದ ಗುಂಪಿಗಿಂತ ಬಹಳ ದೊಡ್ಡ ಕಾರಣ. ಯೂರಿಯಾ ಉಸಿರಿನ ಪರೀಕ್ಷೆ ಅಥವಾ ಮಲದ ಆಂಟಿಜೆನ್ ಪರೀಕ್ಷೆ (ಮಲದಲ್ಲಿ ಈ ಬ್ಯಾಕ್ಟೀರಿಯಾದ ಅಂಶ ಹುಡುಕುವುದು) ಮಾಡಿಸಿ. ಇಲ್ಲೇ ಹೆಚ್ಚಿನವರು ಎಡವುವುದು: ಒಮೆಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಮಾತ್ರೆ ಬ್ಯಾಕ್ಟೀರಿಯಾವನ್ನು ಅಡಗಿಸಿ, ಸೋಂಕಿದ್ದರೂ ಇಲ್ಲವೆಂದು ತೋರಿಸಬಹುದು. ವೈದ್ಯರನ್ನು ಕೇಳಿ ಅದನ್ನು 2 ವಾರ ಮೊದಲೇ ನಿಲ್ಲಿಸಿ. ಆಂಟಿಬಯೋಟಿಕ್ ತೆಗೆದುಕೊಂಡಿದ್ದರೆ ಅದು ಮುಗಿದು 4 ವಾರ ಕಳೆದ ಮೇಲೆ ಪರೀಕ್ಷೆ ಮಾಡಿಸಿ. ಸೋಂಕು ಕಂಡುಬಂದರೆ ಚಿಕಿತ್ಸೆ ಪಡೆದು, ಅದು ಮುಗಿದು ಕನಿಷ್ಠ 4 ವಾರಗಳ ನಂತರ ಸೋಂಕು ಹೋಗಿದೆಯೇ ಎಂದು ಮತ್ತೆ ಪರೀಕ್ಷಿಸಿ, ಇದನ್ನು ದಯವಿಟ್ಟು ಬಿಡಬೇಡಿ.

ಓ ಗುಂಪಿನವರೂ ನಿಶ್ಚಿಂತರಾಗಬೇಕಿಲ್ಲ, ಅವರಲ್ಲಿ ಹೊಟ್ಟೆಯ ಹುಣ್ಣು (ಅಲ್ಸರ್) ಹೆಚ್ಚು. ತಂಬಾಕು ಯಾವ ಗುಂಪಿನವರಿಗೂ ಅಪಾಯವೇ.

ಹೆತ್ತವರಿಗೆ ಅಥವಾ ಒಡಹುಟ್ಟಿದವರಿಗೆ ಕರುಳಿನ ಕ್ಯಾನ್ಸರ್ ಬಂದಿದ್ದರೆ 40ನೇ ವಯಸ್ಸಿಗೆ, ಇಲ್ಲವೇ ಅವರಿಗೆ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮುಂಚೆಯೋ ಆಗ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಮಾಡಿಸಿ.

ಕಪ್ಪು ಮಲ, ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ ಕಂಡರೆ ಗುಂಪು ಯಾವುದೇ ಇರಲಿ, ತಡಮಾಡದೆ ವೈದ್ಯರಲ್ಲಿಗೆ ಹೋಗಿ.