ಲಿಪಿಡ್ ಪ್ರೊಫೈಲ್ ಮಾಡಿಸೋದು ಹೆಂಗ, ರಿಪೋರ್ಟ್ ಓದೋದು ಹೆಂಗ

ಗಂಗಾವತಿ, ಸಿಂಧನೂರು, ಕಂಪ್ಲಿ ಕಡೆ ಮಧ್ಯಾಹ್ನ ರಾತ್ರಿ ಅನ್ನ, ಮುಂಜಾನೆ ಒಗ್ಗರಣಿ ಜೊತಿ ಮಿರ್ಚಿ. ಹಾರ್ಟಿನ ಚಿಂತಿ ನಮಗ ಬರೋದು ಓಣ್ಯಾಗ ಯಾರಿಗಾದ್ರೂ ಅಟ್ಯಾಕ್ ಆದ ಮೇಲೆನ, ಆಗ ಎಲ್ಲಾರೂ ಲಿಪಿಡ್ ಪ್ರೊಫೈಲ್, ಅಂದ್ರ ರಕ್ತದಾಗಿನ ಕೊಬ್ಬಿನ ಟೆಸ್ಟ್ ಮಾಡಸಾಕ ಲ್ಯಾಬಿಗೆ ಓಡ್ತಾರ, ಕೊಲೆಸ್ಟ್ರಾಲ್ 200ರ ಒಳಗ ಬಂತಂದ್ರ ರಿಪೋರ್ಟ್ ಮಡಚಿ ಟ್ರಿಜೋರಿಯಾಗ ಇಟ್ಟು ಸುಮ್ನಾಗ್ತಾರ. ದಯವಿಟ್ಟು ಹಂಗ ಮಾಡಬ್ಯಾಡ್ರಿ, ಆ ಒಂದು ನಂಬರಿನಿಂದ ಏನೂ ಗೊತ್ತಾಗಂಗಿಲ್ಲ.

ಮೊದಲ್ನೇದು, ಯಾವಾಗ ಮಾಡಿಸ್ಬೇಕು. ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರಾಗ ಕೊಟ್ಟ ಮಾರ್ಗಸೂಚಿ ಪ್ರಕಾರ ಮೊದಲ್ನೇ ಲಿಪಿಡ್ ಪ್ರೊಫೈಲ್ 18 ವರ್ಷಕ್ಕ. ಅಪ್ಪಗ ಅಥವಾ ಅಣ್ಣಗ 55ರ ಒಳಗ, ಅವ್ವಗ ಅಥವಾ ಅಕ್ಕಗ 65ರ ಒಳಗ ಹಾರ್ಟ್ ತೊಂದ್ರಿ ಬಂದಿದ್ರ ತಡ ಮಾಡಲೇಬ್ಯಾಡ್ರಿ. ದೊಡ್ಡ ಜ್ವರ ಬಂದು ಎದ್ದಿದ್ರ, ಆಪರೇಷನ್ ಆಗಿದ್ರ ಕೆಲವು ವಾರ ಬಿಟ್ಟು ಹೋಗ್ರಿ, ಆ ಟೈಮಿನಾಗ ನಂಬರ್ ತಾತ್ಪೂರ್ತಿಕ ಇಳಿದಿರ್ತಾವು. ಬಸುರಿಯಾಗಿದ್ದಾಗ ಉಲ್ಟಾ, ಏರಿರ್ತಾವು.

ಆಮೇಲೆ ಉಪವಾಸ. ಈಗ ಬಹಳಷ್ಟು ಮಂದಿಗೆ ಖಾಲಿ ಹೊಟ್ಟಿ ಬೇಕಂತಿಲ್ಲ, ಉಂಡು ಹೋದ್ರೂ ನಡೀತೈತಿ. ಟ್ರೈಗ್ಲಿಸರೈಡ್ (ರಕ್ತದಾಗಿನ ಒಂದು ನಮೂನಿ ಕೊಬ್ಬು) 400 ದಾಟಿದ್ರ ಮಾತ್ರ 9 ರಿಂದ 12 ತಾಸು ಉಪವಾಸ ಇದ್ದು ಮತ್ತ ಮಾಡಸ್ರಿ, ಜೊತಿಗೆ ಫಾಸ್ಟಿಂಗ್ ಶುಗರ್ ಬರೆದಿದ್ರೂ ಉಪವಾಸ ಬೇಕಾ ಬೇಕು, ನೀರು ಕುಡೀಬಹುದು, ಚಾ ಬ್ಯಾಡ. ಹಿಂದಿನ ದಿನ ಶೆರೆ ಕುಡಿದಿದ್ರ ಟ್ರೈಗ್ಲಿಸರೈಡ್ ಏರ್ತೈತಿ. ಶುಗರ್ ಗುಳಿಗಿ, ಇನ್ಸುಲಿನ್ ತಗೊಳ್ಳೋರು ಉಪವಾಸ ಇರೋ ಮೊದ್ಲ ಡಾಕ್ಟರ್ ಹತ್ರ ಕೇಳ್ರಿ, ಇಲ್ಲಂದ್ರ ಲೋ ಶುಗರ್ ಆಗಿ ಲ್ಯಾಬಿನಾಗ ಕುಸಿದು ಬೀಳ್ತೀರಿ.

ರಕ್ತ ಕೊಡೋದು ಎರಡು ನಿಮಿಷದ ಕೆಲಸ. ಬಿಸಿಲಾಗ ನಡಕೊಂಡು ಬಂದಿದ್ರ ಐದು ನಿಮಿಷ ಕೂತು ಆಮೇಲೆ ಕೈ ಕೊಡ್ರಿ.

ಈಗ ರಿಪೋರ್ಟ್, ಇದಕ್ಕ ಸ್ವಲ್ಪ ತಾಳ್ಮಿ ಬೇಕು. ಒಂದು ಉದಾಹರಣಿ ತಗೊಳ್ರಿ: ಟೋಟಲ್ ಕೊಲೆಸ್ಟ್ರಾಲ್ 196, ಎಚ್‌ಡಿಎಲ್ (ಒಳ್ಳೇ ಕೊಲೆಸ್ಟ್ರಾಲ್ ಅಂತಾರಲ್ಲ, ಅದು) 34, ಟ್ರೈಗ್ಲಿಸರೈಡ್ 240. ಟೋಟಲ್ 200ರ ಒಳಗೈತಿ, ಮನ್ಯಾಗ ಎಲ್ಲಾರೂ ಖುಷಿ. ಆದ್ರ ಟೋಟಲಿನಾಗ ಎಚ್‌ಡಿಎಲ್ ಕಳೀರಿ, 162 ಉಳೀತು. ಇದಕ್ಕ ನಾನ್-ಎಚ್‌ಡಿಎಲ್ ಅಂತಾರ, ರಕ್ತನಾಳದ ಗೋಡಿಗೆ ಅಂಟೋ ಕೊಲೆಸ್ಟ್ರಾಲ್ ಎಲ್ಲಾ ಇದ್ರಾಗ ಬಂತು, ಕಡಿಮಿ ರಿಸ್ಕ್ ಇದ್ದೋರಿಗೂ ಇದು 130ರ ಒಳಗಿರಬೇಕು. ಬಹಳ ಲ್ಯಾಬುಗಳು ಎಲ್‌ಡಿಎಲ್, ಅಂದ್ರ ಕೆಟ್ಟ ಕೊಲೆಸ್ಟ್ರಾಲ್, ಅಳೆಯಂಗಿಲ್ಲ, ಲೆಕ್ಕ ಹಾಕ್ತಾವು: ಟೋಟಲಿನಾಗ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗ ಕಳೆದ್ರ, ಇಲ್ಲಿ 114. ಎಚ್‌ಡಿಎಲ್ ಗಂಡಸರಿಗೆ 40ರ ಮ್ಯಾಲೆ, ಹೆಂಗಸರಿಗೆ 50ರ ಮ್ಯಾಲೆ, ಟ್ರೈಗ್ಲಿಸರೈಡ್ 150ರ ಒಳಗ ಇರಬೇಕು. ಎಚ್‌ಡಿಎಲ್ ಕಡಿಮಿ, ಟ್ರೈಗ್ಲಿಸರೈಡ್ ಜಾಸ್ತಿ, ನಮ್ಮ ದೇಶದ ಮಂದಿಯಾಗ ಭಾಳ ಕಾಣೋದು ಇದೇ ನಮೂನಿ, ಬಿಳಿ ಅನ್ನ ಸಕ್ಕರಿ ಜಾಸ್ತಿ ಆದಂಗ ಟ್ರೈಗ್ಲಿಸರೈಡ್ ಏರ್ತೈತಿ.

ಇನ್ನೊಂದು ಮಾತು ಮನಸ್ಸಿನಾಗ ಇಟ್ಕೊಳ್ರಿ, ರಿಪೋರ್ಟಿನ ಬಲಗಡೆ ಪ್ರಿಂಟ್ ಆಗಿರೋ ನಾರ್ಮಲ್ ರೇಂಜ್ ಎಲ್ಲಾರಿಗೂ ಒಂದೇ, ನಿಮ್ಮ ಟಾರ್ಗೆಟ್ ಬ್ಯಾರೆ. ಸಾಮಾನ್ಯ ಮಂದಿಗೆ ಎಲ್‌ಡಿಎಲ್ 100ರ ಒಳಗ, ಶುಗರ್ ಬಿಪಿ ಇದ್ದು ಹೈ ರಿಸ್ಕ್ ಅಂತ ಡಾಕ್ಟರ್ ಹೇಳಿದ್ರ 70ರ ಒಳಗ, ಈ ಹಿಂದ ಅಟ್ಯಾಕ್ ಆಗಿದ್ದವರಂಥ ವೆರಿ ಹೈ ರಿಸ್ಕ್ ಇದ್ದೋರಿಗೆ 55ರ ಒಳಗ. ಸ್ಟೆಂಟ್ ಹಾಕ್ಸಿಕೊಂಡ ಮಾವನವ್ರ ಎಲ್‌ಡಿಎಲ್ 95 ಬಂದ್ರ ಲ್ಯಾಬಿನ ಹಾಳೆ ನಾರ್ಮಲ್ ಅಂತೈತಿ, ಅದನ್ನ ನಂಬಿ ಗುಳಿಗಿ ಬಿಟ್ರ ಅಪಾಯ.

ಜೊತಿಗೆ ಬೇಕಾಗೋ ಟೆಸ್ಟ್ ಒಂದಿಷ್ಟು ಅದಾವು. ನೇರಳೆ ಮುಚ್ಚಳದ ಟ್ಯೂಬಿನಾಗ ತಗೊಳ್ಳೋ ಎಚ್‌ಬಿಎ1ಸಿ ಮೂರು ತಿಂಗಳ ಶುಗರ್ ಹೇಳ್ತೈತಿ, 6.5 ಮತ್ತು ಮ್ಯಾಲೆ ಸಕ್ಕರಿ ಕಾಯಿಲೆ. ಥೈರಾಯ್ಡ್ ನೋಡೋ ಟಿಎಸ್‌ಎಚ್ ಟೆಸ್ಟ್ ಯಾಕಂದ್ರ ಥೈರಾಯ್ಡ್ ಕಡಿಮಿ ಇದ್ರೂ ಎಲ್‌ಡಿಎಲ್ ಏರ್ತೈತಿ. ಲಿಪೊಪ್ರೋಟೀನ್ ಎ ಅನ್ನೋದು ಕೊಲೆಸ್ಟ್ರಾಲ್ ಹೊರೋ ಒಂದು ಕಣ, ವಂಶದಿಂದ ಬರೋದು, ಜೀವನದಾಗ ಒಮ್ಮೆ ಮಾಡಿಸಿದ್ರ ಸಾಕು, 50 ಎಂಜಿ/ಡಿಎಲ್ ದಾಟಿದ್ರ ಜಾಸ್ತಿ. ಮನ್ಯಾಗ ಸಣ್ಣ ವಯಸ್ಸಿನಾಗ ಅಟ್ಯಾಕ್ ಆಗಿದ್ರ ಇದನ್ನ ಕೇಳೇ ಕೇಳ್ರಿ ಅಂತೀನಿ ನಾನು, ದುಡ್ಡು ಸ್ವಲ್ಪ ಜಾಸ್ತಿ ಆದ್ರೂ. ಮೂರೂ ಜಿಲ್ಲೆಯಾಗ ಸರ್ಕಾರಿ ಮೆಡಿಕಲ್ ಕಾಲೇಜ್ ಆಸ್ಪತ್ರಿ ಅದಾವು, ಬಳ್ಳಾರಿ ಬಿಎಂಸಿಆರ್‌ಸಿ (ಮೊದ್ಲಿನ ವಿಮ್ಸ್), ರಾಯಚೂರು ರಿಮ್ಸ್, ಕೊಪ್ಪಳ ಕಿಮ್ಸ್, ಯಾವ ಟೆಸ್ಟ್ ಅಲ್ಲೇ ಆಗ್ತಾವು ಅಂತ ಮೊದ್ಲು ಅಲ್ಲಿ ಕೇಳಿ ಆಮೇಲೆ ಹೊರಗ ಹೋಗ್ರಿ.

ಇವೆಲ್ಲಾ ಮುಂದಿನ ರಿಸ್ಕ್ ನೋಡೋ ಟೆಸ್ಟ್. ಎದಿ ಒತ್ತಿ ಹಿಡಿದಂಗಾಗಿ, ಬೆವರು ಬಂದು, ಎಡಗೈ ಇಲ್ಲಾ ದವಡಿ ನೋವಾದ್ರ ಲ್ಯಾಬಿಗೆ ಅಲ್ಲ, 108ಕ್ಕ ಫೋನ್ ಮಾಡಿ ಸೀದಾ ಆಸ್ಪತ್ರಿಗೆ ಹೋಗ್ರಿ, ಇಸಿಜಿ ಮತ್ತು ಟ್ರೋಪೋನಿನ್ (ಹಾರ್ಟಿಗೆ ಪೆಟ್ಟಾಗೈತೇನು ಅಂತ ಹೇಳೋ ರಕ್ತದ ಟೆಸ್ಟ್) ಅಲ್ಲಿ ನೋಡ್ತಾರ.

ಕೊಲೆಸ್ಟ್ರಾಲ್ ಗುಳಿಗಿ ಶುರು ಮಾಡಿದ್ರ 4 ರಿಂದ 12 ವಾರದಾಗ ಮತ್ತ ಟೆಸ್ಟ್ ಮಾಡಸ್ರಿ, ಆದಷ್ಟು ಅದೇ ಲ್ಯಾಬಿನಾಗ, ಗುಳಿಗಿ ನಿಲ್ಲಿಸದಂಗ, ಮತ್ತ ಹಳೇ ರಿಪೋರ್ಟ್ ತಗೊಂಡೇ ಡಾಕ್ಟರ್ ಹತ್ರ ಹೋಗ್ರಿ.