ಸಿಕ್ಕಿದ ಮೇಲಿನ ಎರಡು ನಿಮಿಷ

ಆರೋಪಿ ತಿರುಗಿಬಿದ್ದರೆ ಪೊಲೀಸರು ಎಷ್ಟು ಬಲ ಹಾಕಬಹುದು ಅಂತ ನಿವೃತ್ತಿ ಆದ ಮೇಲೂ ಜನ ನನ್ನನ್ನು ಕೇಳುತ್ತಾರೆ. ಮದುವೆ ಊಟದ ಪಂಕ್ತಿಯಲ್ಲೂ ಕೇಳಿದವರಿದ್ದಾರೆ. ಪಿಸಿ, ಅಂದರೆ ಪೊಲೀಸ್ ಕಾನ್‌ಸ್ಟೆಬಲ್ ಆಗಿ ಸೇರಿ ಎಎಸ್‌ಐ (ಸಹಾಯಕ ಸಬ್ ಇನ್‌ಸ್ಪೆಕ್ಟರ್) ಆಗಿ ಹೊರಬಂದವನು ನಾನು. ಮಂಗಳೂರು, ಉಡುಪಿ ಎರಡೂ ಕಡೆ ಇದ್ದೆ, ಜಾಸ್ತಿ ಕಾಲ ಕ್ರೈಂ ಮತ್ತು ವಾರಂಟ್ ಡ್ಯೂಟಿ. ಠಾಣೆಗಳ ಹೆಸರು ಬೇಡ, ಮಾಡಿದ ಕೆಲಸ ಹೇಳುತ್ತೇನೆ.

ಕಾನೂನು ಬಹಳ ಚಿಕ್ಕದು. ನಮ್ಮ ಕಾಲದಲ್ಲಿ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಕಲಂ 46, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 43. ಬಾಯಿಮಾತಿನಲ್ಲೋ ನಡೆಯಲ್ಲೋ ಒಪ್ಪಿ ಬಂದರೆ ಮೈ ಮುಟ್ಟುವ ಅಗತ್ಯವೇ ಇಲ್ಲ. ಬಲವಂತವಾಗಿ ತಡೆದರೆ ಅಥವಾ ತಪ್ಪಿಸಿಕೊಳ್ಳಲು ನೋಡಿದರೆ ಬಂಧನಕ್ಕೆ ಬೇಕಾದ ಎಲ್ಲಾ ಉಪಾಯ ಬಳಸಬಹುದು. ಈ 'ಎಲ್ಲಾ' ಅನ್ನುವುದನ್ನು ಹೊಸ ಹುಡುಗರು ಬೇಗ ಕಲಿತುಬಿಡುತ್ತಾರೆ. ಅದೇ ಕಲಮಿನಲ್ಲಿ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಆಗಬಹುದಾದ ಅಪರಾಧದ ಆರೋಪ ಇಲ್ಲದವನ ಪ್ರಾಣ ತೆಗೆಯುವ ಹಕ್ಕು ಇದರಿಂದ ಬರುವುದಿಲ್ಲ ಅಂತಲೂ ಉಂಟು. ಇನ್ನೊಂದು ಕಲಂ, ಹಳೆಯ 49, ಈಗಿನ 46, ಓಡಿಹೋಗದಂತೆ ತಡೆಯಲು ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ನಿರ್ಬಂಧ ಬೇಡ ಅನ್ನುತ್ತದೆ. ನನ್ನ ಇಡೀ ಸರ್ವಿಸು ನಡೆದದ್ದು ಆ ಒಂದು ಸಾಲಿನ ಮೇಲೆ ಅಂದರೆ ತಪ್ಪಲ್ಲ.

ಬಲ ಹಾಕುವ ಸಂದರ್ಭ ಬರುತ್ತದೋ ಇಲ್ಲವೋ ಅನ್ನುವುದು ಮುಕ್ಕಾಲು ಪಾಲು ಮುಟ್ಟುವ ಮೊದಲೇ ತೀರ್ಮಾನ ಆಗಿರುತ್ತದೆ. ಉಡುಪಿ ಹತ್ತಿರದ ಮಲ್ಪೆಯ ದಕ್ಕೆ, ಅಂದರೆ ಬೋಟು ನಿಲ್ಲುವ ಕಟ್ಟೆ, ತೆಗೆದುಕೊಳ್ಳಿ. ಬೋಟಿನಿಂದ ಮೀನು ಇಳಿಯುವ ಹೊತ್ತಿಗೆ ಯಾರನ್ನೂ ಹಿಡಿಯಲು ಹೋಗಬಾರದು. ನೆಲದ ತುಂಬ ಐಸು, ಮೀನಿನ ನೀರು. ಅಲ್ಲಲ್ಲಿ ಕತ್ತಿ, ಕೊಕ್ಕೆ. ಒಂದು ಕಡೆ ಬೋಟಿನ ಅಂಚು, ಕೆಳಗೆ ನೀರು. ಅಲ್ಲಿ ಒಬ್ಬ ಕೈ ಕೊಸರಿಕೊಂಡರೆ ಮೂರು ಜನ ಬೀಳುತ್ತಾರೆ, ಅದರಲ್ಲಿ ಇಬ್ಬರು ನಮ್ಮವರೇ. ನಾವು ಮಫ್ತಿಯಲ್ಲಿ ಕಾಯುತ್ತಿದ್ದೆವು, ಲೆಕ್ಕ ಚುಕ್ತಾ ಮಾಡಿಕೊಂಡು ನಮಗೆ ಬೇಕಾದವನು ಚಹಾದ ಅಂಗಡಿಗೆ ಬರುವವರೆಗೆ. ಅವಸರ ಇಲ್ಲದ ವಾರಂಟು ಆದರೆ ಇನ್ನೂ ಒಳ್ಳೆಯದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟುಗಳೆಲ್ಲ ದಡದಲ್ಲಿ. ಊರಿನ ವಾರಂಟ್ ಆಸಾಮಿ ಆಗ ಮನೆ ಹತ್ತಿರವೇ ಇರುತ್ತಾನೆ, ಮಳೆ ನೋಡುತ್ತಾ.

ಮನೆಯೊಳಗೆ, ಮಕ್ಕಳ ಎದುರು ಹಿಡಿಯಲು ನಾನು ಆದಷ್ಟು ಒಪ್ಪುತ್ತಿರಲಿಲ್ಲ. ಕರುಣೆ ಅಂತ ಅಲ್ಲ. ಹೆಂಡತಿ ಮಕ್ಕಳ ಎದುರು ಮರ್ಯಾದೆ ಹೋಗುತ್ತದೆ ಅಂತ ಸುಮ್ನೆ ಬರಬೇಕಾದವನೂ ಅಲ್ಲಿ ಕುಸ್ತಿಗೆ ನಿಲ್ಲುತ್ತಾನೆ. ಅಂಗಳಕ್ಕೆ ಕರೆದು, ತುಳುವಿನಲ್ಲಿ ಮೆಲ್ಲ 'ಬಲೆ, ಪೋಯಿ' (ಬನ್ನಿ, ಹೋಗೋಣ) ಅಂದು, ಅಂಗಿ ಹಾಕಿಕೊಳ್ಳಲು ಬಿಟ್ಟರೆ ಹೆಚ್ಚಿನವರು ಬರುತ್ತಾರೆ. ಅಂಗಿ ಹಾಕಿಕೊಳ್ಳಲು ಬಿಡುವುದು ದೊಡ್ಡ ವಿಷಯ, ನಂಬಿ. ಒಳಗೆ ಹೋದವನು ಹಿತ್ತಲಿಂದ ಓಡಬಹುದಲ್ವಾ ಅಂತ ಕೇಳಿದರೆ, ಹೌದು, ಅದಕ್ಕೇ ಹಿತ್ತಲಲ್ಲಿ ಒಬ್ಬ ಮೊದಲೇ ನಿಂತಿರುತ್ತಾನೆ.

ಆದರೂ ಕೆಲವರು ತಿರುಗಿಬೀಳುತ್ತಾರೆ. ಹೀಗೆ ಒಬ್ಬ, ಹಲ್ಲೆ ಕೇಸಿನಲ್ಲಿ ಕೋರ್ಟಿಗೆ ಬಾರದೆ ಜಾಮೀನುರಹಿತ ವಾರಂಟು ಆದವನು, ನಮ್ಮನ್ನು ನೋಡಿದ ಕೂಡಲೇ ಐಸ್ ಒಡೆಯುವ ಶೆಡ್ಡಿನ ಕಬ್ಬಿಣದ ಕಂಬವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡುಬಿಟ್ಟ. ಬೆರಳಿಗೆ ಬೆರಳು ಹೆಣೆದು ಹಿಡಿದಿದ್ದಾನೆ. ಇಂಥವನ ಸೊಂಟ ಹಿಡಿದು ಎಳೆದರೆ ಏನೂ ಆಗುವುದಿಲ್ಲ, ಭುಜ ತಪ್ಪಬಹುದು ಅಷ್ಟೇ. ಒಬ್ಬ ಅವನ ಹಿಂದೆ ಮೈಗೆ ಮೈ ತಾಗಿಸಿ ನಿಂತ, ಒದೆಯಲು ಜಾಗ ಸಿಗದ ಹಾಗೆ. ನಾನು ಹೆಬ್ಬೆರಳಿಗೆ ಹೋದೆ. ಹೆಬ್ಬೆರಳು ಬಿಟ್ಟುಕೊಂಡರೆ ಉಳಿದ ನಾಲ್ಕು ಬೆರಳಿಗೆ ಬಲ ಇಲ್ಲ. ಅದರ ನಡುವೆ ಅವನು ತಲೆ ಹಿಂದಕ್ಕೆ ಬಡಿದ, ಹಿಂದಿದ್ದ ನಮ್ಮ ಹುಡುಗನ ತುಟಿ ಒಡೆದು ಅಂಗಿ ಮೇಲೆ ರಕ್ತ. ಕೈ ಬಿಟ್ಟಿತು, ಅವನು ಕುಸಿದು ಕೂತ, ಅಳಲು ಶುರುಮಾಡಿದ.

ನಾನು ಹೇಳಬೇಕೆಂದಿರುವುದು ಇಲ್ಲಿಂದ ಮುಂದಿನ ಎರಡು ನಿಮಿಷದ ಬಗ್ಗೆ. ಆರೋಪಿಯ ಪ್ರತಿರೋಧ ಮುಗಿದಿರುತ್ತದೆ, ನಮ್ಮ ರಕ್ತ ಮಾತ್ರ ಇನ್ನೂ ಕುದಿಯುತ್ತಿರುತ್ತದೆ. ನಾನು ನೋಡಿದ ಕೆಟ್ಟ ಏಟುಗಳಲ್ಲಿ ಹೆಚ್ಚಿನವು ಹಿಡಿಯುವಾಗ ಬಿದ್ದವಲ್ಲ, ಹಿಡಿದ ಮೇಲೆ ಬಿದ್ದವು. ಕಾನೂನಿನ ಲೆಕ್ಕದಲ್ಲಿ ಅವನು ಕೂತ ಕ್ಷಣಕ್ಕೆ ನಮ್ಮ ಅಧಿಕಾರದ ಆ ಭಾಗ ಮುಗಿಯಿತು, ಆಮೇಲೆ ಬೀಳುವ ಒಂದು ಕಪಾಳಮೋಕ್ಷವೂ ಬಂಧನಕ್ಕೆ ಬಳಸಿದ ಬಲ ಅಲ್ಲ, ಹೊಡೆತ. ಅದಕ್ಕೆ ನನ್ನದೊಂದು ಕ್ರಮ ಇತ್ತು: ಏಟು ತಿಂದ ನಮ್ಮವನನ್ನು ಮೊದಲು ಅಲ್ಲಿಂದ ಆಚೆ ಕಳುಹಿಸುವುದು. ನೀರು ತಾ, ಜೀಪು ತಿರುಗಿಸು, ಏನಾದರೂ ಒಂದು ಕೆಲಸ. ಆರೋಪಿಯ ಕೈ ಹಿಡಿದುಕೊಂಡು ಹೋಗುವವನು ಬೇರೆಯವನಾಗಿರಬೇಕು. ಆ ದಿನವೂ ಹುಡುಗನ ಕೈ ಲಾಠಿಗೆ ಹೋಗಿತ್ತು. ಅವನನ್ನು ಬಾಯಿ ತೊಳೆಯಲು ಕಳುಹಿಸಿದೆ. ಒಬ್ಬ ಮೇಲಧಿಕಾರಿ ಆಮೇಲೆ 'ಇಷ್ಟು ಮೆತ್ತಗಾದರೆ ಹೆದರುವವರು ಯಾರ್ರೀ' ಅಂದರು. ಅವರು ದಕ್ಕೆಗೆ ಬಂದಿರಲಿಲ್ಲ, ಬಿಡಿ.

ಬೇಡಿ ಯಾಕೆ ಹಾಕಲಿಲ್ಲ ಅಂತ ಕೇಳಬಹುದು. ಸುಪ್ರೀಂ ಕೋರ್ಟಿನ 1980ರ ಪ್ರೇಮ್ ಶಂಕರ್ ಶುಕ್ಲಾ ತೀರ್ಪಿನಿಂದ ಬೇಡಿ ನಮಗೆ ಕೊನೆಯ ಉಪಾಯ. 1995ರಲ್ಲಿ ಸುಪ್ರೀಂ ಕೋರ್ಟು, ವಾರಂಟಿನ ಮೇಲೆ ಹಿಡಿದವನಿಗೆ ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ಬೇಡಿ ಹಾಕಬಾರದು ಅಂದಿತು. ಹಾಗಾಗಿ ಆರೋಪಿಯ ಬೆರಳಿಗೆ ಬೆರಳು ಹೆಣೆದುಕೊಂಡು, ಹಳೇ ಸ್ನೇಹಿತರ ಹಾಗೆ ನಡೆದುಹೋಗುವ ಪೊಲೀಸರನ್ನು ನೀವು ಕೋರ್ಟಿನ ಹತ್ತಿರ ನೋಡಿರುತ್ತೀರಿ. ಹೊಸ ಕಾನೂನಿನಲ್ಲಿ ರೂಢಿಗತ ಅಪರಾಧಿ, ಕಸ್ಟಡಿಯಿಂದ ತಪ್ಪಿಸಿಕೊಂಡವನು, ಕೊಲೆ, ಅತ್ಯಾಚಾರ, ಡ್ರಗ್ಸ್ ಕೇಸು ಇಂಥವಕ್ಕೆ ಬೇಡಿ ಹಾಕಬಹುದು ಅಂತ ಬಂದಿದೆ. ಡ್ರಗ್ಸ್ ಕೇಸಿಗೆ ಅದು ಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ಕುಡಿದವರು, ಮಾದಕ ವಸ್ತು ಸೇವಿಸಿದವರು ಬೇರೆಯೇ ವಿಷಯ. ನೋವು ಗೊತ್ತಾಗದವನಿಗೆ ನೋವು ಕೊಟ್ಟು ಪ್ರಯೋಜನ ಇಲ್ಲ, ನಾಲ್ಕು ಜನ ಬೇಕು, ಕೈಕಾಲಿಗೆ ಒಬ್ಬೊಬ್ಬರು. ಬೋರಲು ಮಲಗಿಸಿ ಬೆನ್ನ ಮೇಲೆ ಕೂರಲು ನಾನು ಯಾವತ್ತೂ ಬಿಡಲಿಲ್ಲ. ಒದ್ದಾಡಿ ದಣಿದವನ ಎದೆ ನೆಲಕ್ಕೆ ಒತ್ತಿದರೆ ಉಸಿರಾಡಲು ಜಾಗ ಇರುವುದಿಲ್ಲ. ಉಸಿರಿಗೆ ಇನ್ನೂ ಒದ್ದಾಡುತ್ತಾನೆ, ನಮಗೆ ಅದು ಪ್ರತಿರೋಧದ ಹಾಗೆ ಕಾಣುತ್ತದೆ, ಇನ್ನೂ ಒತ್ತುತ್ತೇವೆ. 2020ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತದ್ದು ಮೊಣಕಾಲಿನ ಕೆಳಗೆ, ಒಂಬತ್ತು ನಿಮಿಷಕ್ಕೂ ಜಾಸ್ತಿ ಹೊತ್ತು. ಹಿಡಿತಕ್ಕೆ ಸಿಕ್ಕಿದ ಕೂಡಲೇ ಮಗ್ಗುಲಿಗೆ ತಿರುಗಿಸಿ, ಎಬ್ಬಿಸಿ ಕೂರಿಸಿ. ಜೀಪಿನ ನೆಲದಲ್ಲಿ ಬೋರಲು ಹಾಕಿಕೊಂಡು ಹೋಗಬೇಡಿ. ಉಸಿರು ಕಟ್ಟುತ್ತಿದೆ ಅಂದರೆ ನಾಟಕ ಅಂತ ಭಾವಿಸುವ ಅಭ್ಯಾಸ ನಮ್ಮಲ್ಲಿ ಉಂಟು, ನಾಟಕವೇ ಆದರೂ ಕೂರಿಸುವುದರಿಂದ ನಷ್ಟ ಏನು?

ಗುಂಡಿನ ಬಗ್ಗೆ ನನಗೆ ಸ್ವಂತ ಅನುಭವ ಇಲ್ಲ. 2025ರ ಜನವರಿಯಲ್ಲಿ ಮಂಗಳೂರು ಹತ್ತಿರದ ಕೋಟೆಕಾರಿನ ಸಹಕಾರಿ ಬ್ಯಾಂಕ್ ದರೋಡೆ ಕೇಸಿನಲ್ಲಿ, ಸ್ಥಳಕ್ಕೆ ಕರೆದೊಯ್ದಾಗ ಆರೋಪಿ ದಾಳಿ ಮಾಡಿದ ಅಂತ ಪೊಲೀಸರು ಕಾಲಿಗೆ ಗುಂಡು ಹೊಡೆದಾಗ ಊರಿಡೀ ಅದೇ ಮಾತು. ಜನ ಚಪ್ಪಾಳೆ ತಟ್ಟುತ್ತಾರೆ. ತನಿಖೆಯಲ್ಲಿ ಉತ್ತರ ಕೊಡಬೇಕಾದವನು ಮಾತ್ರ ಪಿಸ್ತೂಲ್ ಹಿಡಿದ ಪೊಲೀಸ್.

ಬರೆಯುವ ಕೆಲಸ ಅದೇ ದಿನ ಆಗಬೇಕು. ಅರೆಸ್ಟ್ ಮೆಮೊ (ಬಂಧನದ ದಾಖಲೆ ಪತ್ರ), ಸಾಕ್ಷಿಯ ಸಹಿ, ಮನೆಯವರಿಗೆ ಮಾಹಿತಿ, ಎಲ್ಲ ಸುಪ್ರೀಂ ಕೋರ್ಟಿನ 1996ರ ಡಿ.ಕೆ. ಬಸು ತೀರ್ಪಿನಿಂದ ಬಂದದ್ದು, ಈಗ ಕಾನೂನಿನಲ್ಲೇ ಉಂಟು. ಮಂಗಳೂರಾದರೆ ವೆನ್ಲಾಕ್, ಉಡುಪಿಯಾದರೆ ಅಜ್ಜರಕಾಡು ಆಸ್ಪತ್ರೆ, ಅವನಿಗೂ ಮೆಡಿಕಲ್, ತುಟಿ ಒಡೆದ ನಮ್ಮ ಹುಡುಗನಿಗೂ. 'ಓಡುವಾಗ ಬಿದ್ದು ಗಾಯ' ಅನ್ನುವ ಹಳೇ ಸಾಲು ನಾನು ಬರೆಯುತ್ತಿರಲಿಲ್ಲ. ಕಂಬದಿಂದ ಕೈ ಬಿಡಿಸುವಾಗ ಬಲಗೈ ಹೆಬ್ಬೆರಳಿಗೆ ಊತ, ಅಂತಲೇ ಬರೆದೆ. ಕೋರ್ಟಿನಲ್ಲಿ ಅದರ ಬಗ್ಗೆ ಒಂದೂ ಪ್ರಶ್ನೆ ಬರಲಿಲ್ಲ.

ಕರ್ತವ್ಯಕ್ಕೆ ಅಡ್ಡಿ ಅಂತ ಹಾಕುವ ಸೆಕ್ಷನ್, ಹಳೇ ಐಪಿಸಿ (ಭಾರತೀಯ ದಂಡ ಸಂಹಿತೆ) 353, ಈಗ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 132, ಅದನ್ನು ಸುಮ್ಮನೆ ಕೈ ಕೊಸರಿದವನ ಮೇಲೆಲ್ಲ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಕತ್ತಿ ಬೀಸಿದವನ ಮೇಲೆ ಹಾಕದೆ ಬಿಡುವುದೂ ಸರಿಯಲ್ಲ.

ನಿಮ್ಮ ಮನೆಗೇ ಪೊಲೀಸರು ಬಂದರೆ ಏನು ಮಾಡಬೇಕು ಅಂತ ಕೇಳುವವರಿಗೆ ಒಂದೇ ಮಾತು. ಅರೆಸ್ಟ್ ತಪ್ಪು ಅನಿಸಿದರೂ ಅಂಗಳದಲ್ಲಿ ಎಳೆದಾಡಬೇಡಿ, ಅಲ್ಲಿ ನೀವು ಗೆಲ್ಲುವುದಿಲ್ಲ. ಕಾರಣ ಕೇಳಿ, ಬ್ಯಾಡ್ಜಿನಲ್ಲಿ ಹೆಸರು ಓದಿ, ಮೆಮೊದಲ್ಲಿ ಸಮಯ ಸರಿಯಾಗಿ ಬರೆದಿದ್ದಾರಾ ನೋಡಿ. ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ. ಪೊಲೀಸರಿಂದ ತೊಂದರೆ ಆಯಿತಾ ಅಂತ ಅವರು ಕೇಳಿದಾಗ ಸುಮ್ನೆ ತಲೆ ಅಲ್ಲಾಡಿಸಬೇಡಿ, ಎಲ್ಲಿ ನೋವು ಅಂತ ತೋರಿಸಿ, ಬರೆದುಕೊಳ್ಳುತ್ತಾರೆ.