ನೋವನ್ನು ಅರಿತು ವ್ಯಾಯಾಮ ಮಾಡುವ ಬಗೆ

ನೋವು ಎಂಬುದು ಪೆಟ್ಟಾದ ಜಾಗದಿಂದ ಬರುವ ನೇರ ವರದಿಯಲ್ಲ. ನರಗಳು ತಂದ ಸುದ್ದಿಯನ್ನು ನಿದ್ರೆ, ಆತಂಕ ಮತ್ತು ಹಳೆಯ ಅನುಭವಗಳ ಜೊತೆಗಿಟ್ಟು ತೂಗಿ ಮಿದುಳು ಕೊಡುವ ಎಚ್ಚರಿಕೆ ಅದು. ಬೆನ್ನುನೋವೇ ಇಲ್ಲದ ಅನೇಕರ ಎಂಆರ್‌ಐ ಚಿತ್ರದಲ್ಲೂ ಉಬ್ಬಿದ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಕಾಣಸಿಗುತ್ತದೆ.

ಮೊದಲು ನೋವಿನ ಬಗೆಯನ್ನು ಗುರುತಿಸಿ. ಹೊಸ ವ್ಯಾಯಾಮದ ನಂತರ ಸ್ನಾಯುಗಳಲ್ಲಿ ಹರಡಿಕೊಳ್ಳುವ ಮಂದ ನೋವು ಸಾಮಾನ್ಯವಾಗಿ 24ರಿಂದ 72 ಗಂಟೆಗಳ ನಡುವೆ ಹೆಚ್ಚಾಗಿ, ಬಳಿಕ ತಾನಾಗಿಯೇ ಇಳಿಯುತ್ತದೆ. ಇದಕ್ಕೆ ಲ್ಯಾಕ್ಟಿಕ್ ಆಮ್ಲವೇ ಕಾರಣವೆಂಬ ಮಾತು ಜಿಮ್‌ಗಳಲ್ಲಿ ಇನ್ನೂ ಕೇಳಿಬರುತ್ತದೆಯಾದರೂ ಅದು ಸರಿಯಲ್ಲ, ಏಕೆಂದರೆ ವ್ಯಾಯಾಮ ಮುಗಿದ ಒಂದೆರಡು ಗಂಟೆಗಳಲ್ಲೇ ರಕ್ತದಲ್ಲಿ ಅದರ ಪ್ರಮಾಣ ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ಕೀಲಿನ ಒಂದೇ ಕಡೆ ಥಟ್ಟನೆ ಚುಚ್ಚುವ ನೋವು ಬೇರೆಯದು. ಅಲ್ಲಿ ನಿಲ್ಲಿಸುವುದೇ ಸರಿ.

ಆರಂಭಿಸುವ ಮುನ್ನ ಎರಡು ನಿಮಿಷ ಕಣ್ಣು ಮುಚ್ಚಿ ಕುಳಿತು, ದವಡೆ, ಭುಜ, ಸೊಂಟಗಳಲ್ಲಿ ಎಲ್ಲಿ ಬಿಗಿತವಿದೆಯೆಂದು ಗಮನಿಸಿ. ಉಸಿರು ಹಿಡಿದಿದ್ದೀರಾ ಎಂಬುದನ್ನೂ ನೋಡಿ. ಬಹುಮಂದಿ ತಮಗೆ ಅರಿವಿಲ್ಲದೆಯೇ ಹಿಡಿದಿರುತ್ತಾರೆ. ನಂತರ ಚಲನೆಯನ್ನು ನಿಧಾನವಾಗಿ ಮಾಡುತ್ತ, ನೋವಿಗೆ 0ಯಿಂದ (ನೋವೇ ಇಲ್ಲ) 10ರೊಳಗೆ (ತಡೆಯಲಾಗದ ನೋವು) ಅಂಕ ಕೊಡಿ. ಅಂಕ 3ರ ಆಸುಪಾಸಿನಲ್ಲಿದ್ದು, ಮರುದಿನ ಬೆಳಿಗ್ಗೆಯ ಹೊತ್ತಿಗೆ ಹಿಂದಿನ ಮಟ್ಟಕ್ಕೆ ಮರಳಿದ್ದರೆ ಮುಂದುವರಿಸಬಹುದು. ಏರಿದ್ದರೆ ವ್ಯಾಯಾಮವನ್ನೇ ಬಿಡುವ ಬದಲು ಭಾರವನ್ನೋ, ಬಾಗುವ ಆಳವನ್ನೋ, ಆವರ್ತನೆಗಳನ್ನೋ ತಗ್ಗಿಸುವುದು ನನ್ನ ದೃಷ್ಟಿಯಲ್ಲಿ ಜಾಣತನ.

ಎದೆನೋವು, ಕೈಕಾಲುಗಳ ಬಲ ಕುಂದುವಿಕೆ, ತೊಡೆಸಂದಿಯ ಮರಗಟ್ಟುವಿಕೆ ಅಥವಾ ಮೂತ್ರದ ಹಿಡಿತ ತಪ್ಪುವಿಕೆ ಕಂಡರೆ ಈ ಅಂಕಗಳ ಲೆಕ್ಕವನ್ನು ಬದಿಗಿಟ್ಟು ತಕ್ಷಣ ವೈದ್ಯರ ಬಳಿಗೆ ಹೋಗಬೇಕು.